ನಿಮ್ಮಪ್ಪ ಕೂರುತ್ತಿದ್ದ ಮಣೆ

ಡೋಲ್ನೊ ಪೋಲೆ, ಸ್ಟ್ರುಮಿತ್ಸಾ
ಅಕ್ಟೋಬರ್ 19, ಭಾನುವಾರ

ಮುದ್ದಿನ ಮಗಳೇ ಎಮಿಲಿಯಾ,

ನಿನ್ನ ಬೆನ್ನು ನೋವು ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಅದರ ಮುಖ ನೋಡುತ್ತಿದ್ದೀಯೋ? ಕಾಫಿ ಅಂಗಡಿಯಲ್ಲಿ ದಿನವಿಡೀ ನಿಂತು ಪಾದ ಊದಿಕೊಂಡಿರುತ್ತದೆ, ಸಂಜೆ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟು ಕೂತುಕೋ. ನಿಮ್ಮ ಇಟಲಿಯ ತ್ರೆವಿಜೋದಲ್ಲಿ ಇಷ್ಟು ಹೊತ್ತಿಗೆ ಮಂಜು ಶುರುವಾಗಿರಬೇಕು, ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ಒಬ್ಬಳೇ ಇದ್ದೇನೆಂದು ಊಟದ ಬದಲು ಬಿಸ್ಕತ್ತು ತಿಂದು ಮಲಗಿದರೆ ನನಗೆ ಇಲ್ಲಿಂದಲೇ ತಿಳಿಯುತ್ತದೆ, ನೆನಪಿರಲಿ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನ ಹೊಟ್ಟೆಯ ಹುಣ್ಣು ಮತ್ತೆ ಕಾಡಿಲ್ಲ. ಕೋಳಿಗಳೂ ಚೆನ್ನಾಗಿವೆ, ಕಂದು ಕೋಳಿ ಮಾತ್ರ ಮೊಟ್ಟೆ ಇಡುವುದನ್ನು ಬಿಟ್ಟು ದೊರೆಸಾನಿಯಾಗಿ ಓಡಾಡಿಕೊಂಡಿದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ನಗುತ್ತೀಯ, ನಗು. ನಿಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದವಾಗಿದೆ. ನಿನ್ನ ಫೋನ್ ಬಂತೆಂದರೆ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟು, ಅದರ ಎದುರು ಕೈಕಟ್ಟಿ ಕೂತುಬಿಡುತ್ತಾರೆ. ಹೋದ ವಾರ ನೀನು, "ಅಮ್ಮಾ, ಆ ಹೊಸ ಮನೆಯವ್ರು ನವೆಂಬರ್ ಮೊದಲ ವಾರದವರೆಗೆ ಕಾಯ್ತಾರಂತೆ, ಅವರ ಅಜ್ಜೀನ ನೋಡ್ಕೊಳ್ಳೋಕೆ ಬರ್ತೀಯೋ ಇಲ್ವೋ ಈಗ್ಲೇ ಹೇಳು" ಅಂದೆಯಲ್ಲ, ಆಗ ಅವರು ಥಟ್ಟನೆ ಎದ್ದು ಕೋಳಿಗೆ ಕಾಳು ಹಾಕಲು ಹೋದರು. ಕಾಳು ಬೆಳಿಗ್ಗೆಯೇ ಹಾಕಿದ್ದಾಗಿತ್ತು. ನಾನು "ನೋಡೋಣ" ಅಂದೆ. ನೀನು "ನೀನು ಮನೆಗೆ ಬಂದಿದ್ದಕ್ಕೆ ಅಪ್ಪ ಖುಷಿಯಾಗಿದ್ದಾರಾ?" ಅಂದೆ. "ಬಹಳ ಖುಷಿ" ಅಂದೆ ನಾನು. ಅದು ಸುಳ್ಳು. ಅದಕ್ಕೇ ಈ ಕಾಗದ. ನವೆಂಬರ್ ಮೊದಲ ವಾರವೆಂದರೆ ನಮಗೆ ಸಂತ ದಿಮಿತ್ರಿಯ ಹಬ್ಬ. ನನ್ನ ಅಜ್ಜನ ಕಾಲದಲ್ಲಿ ಪರದೇಶಕ್ಕೆ ದುಡಿಯಲು ಹೋದವರೆಲ್ಲ ಆ ಹಬ್ಬಕ್ಕೆ ಸರಿಯಾಗಿ ಮನೆ ಸೇರುತ್ತಿದ್ದರು. ನನಗೆ ನೋಡು, ಆ ಹಬ್ಬಕ್ಕೆ ಸರಿಯಾಗಿ ಹೊರಡು ಎನ್ನುತ್ತಿದ್ದಾರೆ.

ಮೊದಲು ಇಲ್ಲಿನ ಶರತ್ಕಾಲದ ಸುದ್ದಿ ಹೇಳುತ್ತೇನೆ, ಉಳಿದದ್ದು ಆಮೇಲೆ. ಇಟಲಿಯಲ್ಲಿದ್ದ ಹನ್ನೊಂದು ವರ್ಷ ನಾನು ಊರಿಗೆ ಬಂದದ್ದೆಲ್ಲ ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ಊರು ತುಂಬ ಹೊರದೇಶದ ಕಾರುಗಳು, ದಿನಕ್ಕೊಂದು ಮದುವೆ, ಎಲ್ಲರ ಬಾಯಲ್ಲೂ ಯಾವಾಗ ಬಂದೆ, ಯಾವಾಗ ಹೋಗ್ತೀಯ ಎಂಬ ಎರಡೇ ಮಾತು. ಈ ಊರಿಗೆ ಅಕ್ಟೋಬರ್ ಎಂಬುದೊಂದಿದೆ ಎನ್ನುವುದೇ ನನಗೆ ಮರೆತುಹೋಗಿತ್ತು. ನಾನು ನೋಡಿಕೊಳ್ಳುತ್ತಿದ್ದ ಮುದುಕಿ ಸಿನ್ಯೋರಾ ತೀರಿಕೊಂಡು ಸೆಪ್ಟೆಂಬರಿನಲ್ಲಿ ಬಂದಾಗ ಸ್ವಲ್ಪ ದಿನ ಸುಮ್ಮನೆ ಕೂರೋಣ ಎಂದಷ್ಟೇ ಇತ್ತು. ಕೂತೆ. ಬೆಂಚಿನ ಮೇಲೆ ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕೂತು ಹಸಿ ಅಕ್ರೋಟು ಒಡೆದು ತಿಂದೆ. ಕೈಯೆಲ್ಲ ಕಪ್ಪಾಗಿ, ಚರ್ಚಿನಲ್ಲಿ ಪಾದ್ರಿ ಕೂಡ ನೋಡಿ ನಕ್ಕರು. ಹಿತ್ತಲಿನ ದುನ್ಯಾ ಹಣ್ಣುಗಳನ್ನು ಕಿತ್ತು ಬಟ್ಟೆಯ ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದೇನೆ, ಬಾಗಿಲು ತೆಗೆದರೆ ಕೋಣೆಯೆಲ್ಲ ಅದರದೇ ಘಮ. ಚಪ್ಪರದಲ್ಲಿ ಕಣಜದ ಹುಳು ಬಿಟ್ಟು ಉಳಿಸಿದ ದ್ರಾಕ್ಷಿಯನ್ನು ಗೊಂಚಲಿನಿಂದ ನೇರವಾಗಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಕೈಯಿಲ್ಲದ ಅಂಗಿ, ಸಂಜೆ ಮತ್ತೆ ಚಳಿ. ಎರಡನೆಯ ಕಾಫಿ ಕುಡಿಯುವಾಗ ಗಂಟೆ ಬಾರಿಸಿ ಕರೆಯುವವರು ಯಾರೂ ಇಲ್ಲ. ಮೊದಲ ವಾರ ನಾನೇ ಗಂಟೆ ಕೇಳಿಸಿದಂತಾಗಿ ಎದ್ದು ನಿಲ್ಲುತ್ತಿದ್ದೆ, ನಿಮ್ಮಪ್ಪ ಏನಾಯ್ತೆಂದು ನೋಡುತ್ತಿದ್ದರು. ಸುಖವಾಗಿದ್ದೆ ಮಗಳೇ, ನಿಜವಾಗಿ ಸುಖವಾಗಿದ್ದೆ.

ಆಮೇಲೆ ಮೆಣಸಿನಕಾಯಿಯ ಕಾಲ ಶುರುವಾಯಿತು. ಬೀದಿ ಪೂರ್ತಿ ಮನೆಮನೆಯ ಅಂಗಳದಲ್ಲಿ ತಗಡಿನ ಒಲೆ, ಕೆಂಪು ದಪ್ಪಮೆಣಸಿನಕಾಯಿಯ ಮೂಟೆ, ಸುಟ್ಟ ಸಿಪ್ಪೆಯ ವಾಸನೆ. ನೀನು ಚಿಕ್ಕವಳಿದ್ದಾಗ ಆ ಹೊಗೆಗೆ ಕಣ್ಣುಜ್ಜಿಕೊಂಡು ಅಳುತ್ತಿದ್ದೆ. ನಮ್ಮ ಬೀದಿಯ ಪದ್ಧತಿ ಈಗಲೂ ಅದೇ. ಒಂದು ಮನೆಯವರು ಚಳಿಗಾಲಕ್ಕೆ ಆಯ್ವಾರ್ ಚಟ್ನಿ ಮಾಡುವ ದಿನ ಎಲ್ಲ ಮನೆಯಿಂದ ಒಬ್ಬೊಬ್ಬರು ಸುಟ್ಟ ಕಾಯಿ ಸುಲಿಯಲು ಹೋಗಬೇಕು, ಒಂದು ಮನೆಗೆ ಒಂದೇ ಮಣೆ. ಸುಡುವುದು ಗಂಡಸರು, ಸುಲಿಯುವುದು ಹೆಂಗಸರು. ನಾವು ಯಾರ ಮನೆಗೆ ಹೋಗಿ ಸುಲಿದೆವೋ ಅವರು ನಮ್ಮ ದಿನಕ್ಕೆ ಬರುತ್ತಾರೆ. ನಾನು ಇಟಲಿಗೆ ಹೋದ ಮೊದಲ ವರ್ಷ ನಿಮ್ಮಪ್ಪ ಅಂಗಡಿಯಿಂದ ಆಯ್ವಾರ್ ಬಾಟಲಿ ತಂದಿದ್ದರಂತೆ. ಪಕ್ಕದ ಮನೆಯ ರತ್ಕಾ, ನಿನಗೆ ಗೊತ್ತಲ್ಲ ಅವಳ ಬಾಯಿ, ಅದನ್ನು ಬೆರಳಲ್ಲಿ ನೆಕ್ಕಿ ಥೂ ಎಂದು ಉಗುಳಿ, "ಕೈ ಇದ್ಯಲ್ಲ ಗ್ಲಿಗೊರಣ್ಣ ನಿಂಗೆ? ಬಾ, ಕೂತ್ಕೋ, ಸುಲಿ" ಎಂದು ತೋಳು ಹಿಡಿದು ಎಳೆದುಕೊಂಡು ಹೋದಳಂತೆ. ಅಂದಿನಿಂದ ನಮ್ಮ ಮನೆಯ ಮಣೆ ನಿಮ್ಮಪ್ಪನದು. ಹೆಂಗಸರ ನಡುವೆ ಒಬ್ಬರೇ ಗಂಡಸು, ಏಪ್ರನ್ ಕಟ್ಟಿಕೊಂಡು. ಗ್ಲಿಗೊರಕ್ಕ ಎಂದು ಹೆಸರಿಟ್ಟಿದ್ದರು. ಇದನ್ನು ಯಾರೂ ನನಗೆ ಫೋನಿನಲ್ಲಿ ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆಯ್ವಾರ್ ಯಾರು ಮಾಡಿದರು ಎಂದು ಕೇಳಿದರೆ "ಬೀದಿಯವರು" ಎನ್ನುತ್ತಿದ್ದರು.

ಈ ವರ್ಷ ಮೊದಲ ಸುಲಿತ ರತ್ಕಾಳ ಮನೆಯಲ್ಲಿ. ನಾವಿಬ್ಬರೂ ಜೊತೆಯಲ್ಲೇ ಹೋದೆವು, ಅವರು ಏಪ್ರನ್ ಕಟ್ಟಿಕೊಂಡೇ ಬಂದಿದ್ದರು. ರತ್ಕಾ ನನ್ನನ್ನು ಅಪ್ಪಿಕೊಂಡು ಮುದ್ದಿಟ್ಟು, ಅವರ ಕಡೆ ತಿರುಗಿ ಅಂದಳು: "ಇನ್ನೇನಪ್ಪಾ, ಹೆಂಡ್ತಿ ಬಂದ್ಲು, ನಿಂಗೆ ಬಿಡುಗಡೆ. ಹೋಗು, ಗಂಡಸ್ರ ಜೊತೆ ಕೂತ್ಕೋ ಹೋಗು." ಎಲ್ಲರೂ ನಕ್ಕರು. ಅವರೂ ನಕ್ಕರು. ಏಪ್ರನ್ ಬಿಚ್ಚಿ ನನ್ನ ಸೊಂಟಕ್ಕೆ ತಾವೇ ಕಟ್ಟಿ, ಚಿಕ್ಕ ಚಾಕು ನನ್ನ ಕೈಗೆ ಕೊಟ್ಟು ಒಲೆಯ ಕಡೆ ಹೋದರು. ನನಗಾಗ ಹೆಮ್ಮೆಯೇ ಆಯಿತು, ಮನೆಯೊಡತಿಯ ಜಾಗ ಮತ್ತೆ ಸಿಕ್ಕಿತಲ್ಲ ಎಂದು. ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಸಿನ್ಯೋರಾಳ ಅಡುಗೆಮನೆಯಲ್ಲಿ ಮಾಡುತ್ತಿದ್ದ ಹಾಗೆ ನಾನು ಸುಟ್ಟ ಕಾಯನ್ನು ನಲ್ಲಿಯ ಕೆಳಗೆ ಹಿಡಿದು ನೀರು ಬಿಟ್ಟೆ, ಸಿಪ್ಪೆ ಸರಾಗವಾಗಿ ಜಾರಿತು. ತಲೆಯೆತ್ತಿದರೆ ಎಲ್ಲರ ಕೈಯೂ ನಿಂತಿತ್ತು. ನಿಮ್ಮಪ್ಪನ ಸೋದರತ್ತೆ ವೇಲಿಕಾ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು, "ಅಯ್ಯೋ ಪಾಪಿ, ರುಚಿಯೆಲ್ಲ ಮೋರಿಗೆ ಬಿಟ್ಟೆಯಲ್ಲೇ!" ಅಂದರು. ನೀರು ಸೋಕಿಸಬಾರದು ಎನ್ನುವುದು ಈ ಊರಿನ ಮೂರು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು ಮಗಳೇ, ನನ್ನ ಕೈಗೆ ಮರೆತಿತ್ತು.

ಅಂದಿನಿಂದ ಮನೆಮನೆಗೆ ಹೋಗಿ ಸುಲಿದೆ. ಹೆಂಗಸರು ಮಾತಾಡುತ್ತಿದ್ದರು, ನಾನೂ ನಗುತ್ತಿದ್ದೆ, ಆದರೆ ಎಲ್ಲ ಮಾತೂ ನನಗೆ ಅರ್ಧದಿಂದಲೇ ಸಿಗುತ್ತಿತ್ತು. ಯಾರೋ "ಗ್ಯಾರೇಜು" ಎಂದರೆ ಸಾಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ಪೆದ್ದಿಯ ಹಾಗೆ ನಕ್ಕೆ. ಸಂಜೆ ನಿಮ್ಮಪ್ಪನನ್ನು ಕೇಳಿದರೆ, ರತ್ಕಾಳ ಮೈದುನ ಜರ್ಮನಿಯಿಂದ ಬಂದು ಟ್ರ್ಯಾಕ್ಟರಿಗೆಂದು ಗ್ಯಾರೇಜು ಕಟ್ಟಿಸಿದ್ದು, ಟ್ರ್ಯಾಕ್ಟರನ್ನು ಒಳಗೆ ನಿಲ್ಲಿಸಿಕೊಂಡೇ ಗೋಡೆ ಎತ್ತಿಸಿದ್ದು, ಬಾಗಿಲು ಇಟ್ಟ ಮೇಲೆ ಅದು ಹೊರಗೆ ಬಾರದೆ ಈಗಲೂ ಅಲ್ಲೇ ನಿಂತಿರುವುದು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಹೇಳುವಾಗ ಅವರ ಮುಖ ಅರಳಿತು. ಹೇಳಿ ಮುಗಿಸಿ, "ಇವತ್ತು ಯಾಕೆ ಆ ಮಾತು ಬಂತು? ವೇಲಿಕತ್ತೆ ಏನಂದ್ಲು?" ಎಂದು ಕೇಳಿದರು. ನಾನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. "ಹೋಗ್ಲಿ ಬಿಡು" ಅಂದು ದೀಪದ ಕೆಳಗೆ ಪೇಪರು ಬಿಡಿಸಿದರು.

ಒಲೆಯ ಬಳಿ ಗಂಡಸರು ಸುಡುತ್ತಾ ರಾಕಿಯಾ ಕುಡಿಯುತ್ತಾರೆ, ಕುಡಿಯುತ್ತಾ ಫುಟ್‌ಬಾಲಿಗೆ ಜಗಳವಾಡುತ್ತಾರೆ. ನಿಮ್ಮಪ್ಪ ಹೊಟ್ಟೆಯ ಆಪರೇಷನ್ ಆದ ಮೇಲೆ ಕುಡಿಯುವುದಿಲ್ಲ, ಫುಟ್‌ಬಾಲ್ ಎಂದೂ ನೋಡಿದವರಲ್ಲ. ಅಲ್ಲಿ ಒಂದು ದಿನ ಕೂತರು, ಎರಡನೆಯ ದಿನ ಕೂರಲಿಲ್ಲ. ಆಮೇಲೆ ನಾನು ಯಾರ ಮನೆಯಲ್ಲಿ ಸುಲಿಯುತ್ತಿದ್ದರೂ ಅಲ್ಲಿಗೆ ಒಮ್ಮೆ ಬಂದೇ ಬರುತ್ತಿದ್ದರು. ಒಮ್ಮೆ, ಚಳಿಯಾದೀತು ಎಂದು ನನ್ನ ಸ್ವೆಟರು ತಂದರು, ನೆತ್ತಿ ಸುಡುವ ಬಿಸಿಲಿತ್ತು. ಇನ್ನೊಮ್ಮೆ ಬೀಗದ ಕೈ ಎಲ್ಲಿಟ್ಟೆ ಎಂದು ಕೇಳಲು ಬಂದರು, ಅದು ಅವರ ಜೇಬಿನಲ್ಲೇ ಗಲಗಲ ಎನ್ನುತ್ತಿತ್ತು. ಬಂದವರು ಬೇಲಿಯ ಆಚೆ ನಿಂತು ಬುಟ್ಟಿಯೊಳಗಿನ ಸುಲಿದ ಕಾಯನ್ನು ನೋಡುವರು, ಮತ್ತೆ ಹೊರಟುಹೋಗುವರು. ರತ್ಕಾ "ಹೆಂಡ್ತೀನ ಬಿಟ್ಟಿರೋಕಾಗಲ್ಲ ನೋಡ್ರೇ, ಹೊಸ ಮದುಮಗ!" ಎಂದು ಕೂಗಿದಳು. ಅವಳಿಗೆ ತಿಳಿಯಲಿಲ್ಲ. ಅವರು ಬರುತ್ತಿದ್ದದ್ದು ನನ್ನನ್ನು ನೋಡಲು ಅಲ್ಲ, ಆ ಮಣೆಗಳ ನಡುವೆ ಒಂದು ಗಳಿಗೆ ನಿಲ್ಲಲು. ಮನೆಯಲ್ಲಿ ಮಾತು ಕಡಿಮೆಯಾಯಿತು, ಗಡ್ಡ ಬೆಳೆಯಿತು, ಮಧ್ಯಾಹ್ನ ಸುಮ್ಮನೆ ಹಜಾರದಲ್ಲಿ ಮಲಗಲು ಶುರುಮಾಡಿದರು.

ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಬಹಳ ಬೇಜಾರಾಯಿತು. ಹನ್ನೊಂದು ವರ್ಷ ಇವರು ಒಬ್ಬರೇ ಇದ್ದಾರಲ್ಲ, ಏನು ತಿನ್ನುತ್ತಾರೋ, ಯಾರೊಡನೆ ಮಾತಾಡುತ್ತಾರೋ ಎಂದು ಅಲ್ಲಿ ನಾನು ಕೊರಗಿದೆ. ಇಲ್ಲಿ ಇವರು ಒಬ್ಬರೇ ಇರಲಿಲ್ಲ. ಇವರಿಗೊಂದು ಕೂಟವಿತ್ತು, ಕೀಟಲೆಯ ಹೆಸರಿತ್ತು, ವರ್ಷವಿಡೀ ಎದುರು ನೋಡುವ ಒಂದು ತಿಂಗಳಿತ್ತು. ನಾನು ಬಂದು ಅದನ್ನು ಕಿತ್ತುಕೊಂಡೆ. ಅದರಿಂದ ನನಗೇನಾದರೂ ಲಾಭವಾಯಿತೋ, ಅದೂ ಇಲ್ಲ, ಸುಲಿಯಲು ಕೂಡ ಬಾರದವಳು ನಾನು. ನೀನು ಫೋನಿನಲ್ಲಿ ಆ ಮನೆಯ ವಿಷಯ ಹೇಳಿದಾಗ, ಹೋಗಿಬಿಡುವುದೇ ಸರಿ, ಇವರ ಶರತ್ಕಾಲ ಇವರಿಗೆ ಇರಲಿ ಎಂದು ಮನಸ್ಸಿನಲ್ಲಿ ಮುಕ್ಕಾಲು ಒಪ್ಪಿಕೊಂಡಿದ್ದೆ. ಹೇಳಿಬಿಟ್ಟರೆ ಅವರು ತಡೆಯುವುದಿಲ್ಲವೇನೋ ಎಂಬ ಭಯಕ್ಕೆ ಬಾಯಿ ಬರಲಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಮನೆಯ ದಿನ. ನಮ್ಮ ಅಂಗಳದಲ್ಲಿ ಪ್ರತಿವರ್ಷ ಕಾಯಿ ಸುಟ್ಟುಕೊಡುತ್ತಿದ್ದವನು ನಿನ್ನ ಚಿಕ್ಕಪ್ಪ. ಈ ಸಲ ಅವನು, "ಅಣ್ಣ ಈಗ ಸುಲಿಯೋಕೆ ಕೂರಲ್ವಲ್ಲ, ಅವನೇ ಸುಡ್ಲಿ" ಎಂದು ದ್ರಾಕ್ಷಿ ಹಿಂಡಲು ಹೋದ. ನಿಮ್ಮಪ್ಪ ಇಕ್ಕಳ ಹಿಡಿದು ಒಲೆಯ ಮುಂದೆ ನಿಂತರು. ಎಮಿಲಿಯಾ, ಅಂಥ ಸುಡುವಿಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಒಂದು ಕಡೆ ಇದ್ದಿಲು, ಇನ್ನೊಂದು ಕಡೆ ಹಸಿ. ಬೆಂಕಿ ಇಳಿದಾಗ ಊದುವರು, ಉರಿ ಎದ್ದಾಗ ಇನ್ನೊಂದು ಸೌದೆ ತುರುಕುವರು. ಹೆಂಗಸರು ಮೊದಲು ಪಾಪ ಎಂದು ಬಂದದ್ದನ್ನೇ ಸುಲಿದರು. ಆಮೇಲೆ ರತ್ಕಾ ತಡೆಯಲಾರದೆ, "ಗ್ಲಿಗೊರಣ್ಣ, ಇದೇನು ಮೆಣಸಿನಕಾಯಿ ಸುಡ್ತಿದ್ಯೋ, ಮನೆಗೆ ಬೆಂಕಿ ಇಡ್ತಿದ್ಯೋ? ಸಿಪ್ಪೆ ಬಿಡ್ತಾನೇ ಇಲ್ಲ!" ಎಂದು ಕಿರುಚಿದಳು. ಅವರ ಕಿವಿ ಕೆಂಪಾಯಿತು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಇಕ್ಕಳ ಹಿಡಿದ ಕೈಯಲ್ಲಿ ಬೊಬ್ಬೆ ಎದ್ದಿತ್ತು. ನಾನಿಲ್ಲಿ ಮಣೆಯ ಮೇಲೆ ಕೂತು ಒಂದು ಕಾಯನ್ನು ಸುಲಿಯಲು ಹೋಗಿ ಮೂರು ಚೂರು ಮಾಡಿದ್ದೆ.

ನನಗೆ ಒಮ್ಮೆಲೇ ಸಾಕಾಯಿತು. ಎದ್ದೆ, ಏಪ್ರನ್ ಬಿಚ್ಚಿದೆ, ಹೋಗಿ ಅವರ ಕೈಯಿಂದ ಇಕ್ಕಳ ಕಿತ್ತುಕೊಂಡೆ. "ನಡೀರಿ ಇಲ್ಲಿಂದ. ಹೋಗಿ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ" ಅಂದೆ. ನಮ್ಮ ತವರಿನಲ್ಲಿ ಐದೂ ಹೆಣ್ಣು, ಗಂಡುಮಕ್ಕಳಿಲ್ಲ. ನನ್ನ ಅಪ್ಪನ ಜೊತೆ ಒಲೆ ನೋಡಿಕೊಳ್ಳುತ್ತಿದ್ದವಳು ನಾನೇ, ಅದು ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಯಾರಿಗೂ ಬೇಕಾಗಿರಲಿಲ್ಲ. ಸುಲಿಯುವುದನ್ನು ಮರೆತ ಕೈಗೆ ಬೆಂಕಿ ಮರೆತಿರಲಿಲ್ಲ. ಸೌದೆ ಎಳೆದು ಕೆಂಡ ಹರಡಿದೆ, ತಗಡು ಸಮನಾಗಿ ಕಾಯಿತು. ರತ್ಕಾ ಸೊಂಟದ ಮೇಲೆ ಕೈಯಿಟ್ಟು, "ಇದೇನೇ ಇದು, ಹೆಂಡ್ತಿ ಸುಡೋದು, ಗಂಡ ಸುಲಿಯೋದು? ಇಟಲೀಲಿ ಹಿಂಗೇನಾ?" ಅಂದಳು. "ಇಟಲೀಲಿ ಯಾರೂ ಸುಡೋದೂ ಇಲ್ಲ, ಸುಲಿಯೋದೂ ಇಲ್ಲ, ಅಂಗಡಿಗೆ ಹೋಗಿ ಬಾಟ್ಲಿ ತರ್ತಾರೆ. ನಿಂಗೂ ತಂದುಕೊಡ್ಲಾ?" ಅಂದೆ. ಅಷ್ಟರಲ್ಲಿ ವೇಲಿಕಾ ಅಜ್ಜಿ ದೊಡ್ಡ ನಿಟ್ಟುಸಿರು ಬಿಟ್ಟು, "ಸದ್ಯ, ದೇವ್ರು ದೊಡ್ಡೋನು. ಇವ್ಳು ಸುಲಿದಿದ್ದನ್ನ ನಾವೆಲ್ಲ ಕದ್ದು ಕದ್ದು ಇನ್ನೊಂದ್ಸಲ ಸುಲಿದು ನನ್ನ ಬೆರಳೇ ಸವೆದೋಯ್ತು" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟೂ ಮನೆಯಲ್ಲಿ ಹಾಗೇ ನಡೆದಿತ್ತಂತೆ, ನನಗೆ ನೋವಾಗಬಾರದೆಂದು ಯಾರೂ ಹೇಳಿರಲಿಲ್ಲ. ನಾನೂ ನಕ್ಕೆ, ಸ್ವಲ್ಪ ಅಳುವೂ ಬಂತು, ಹೊಗೆಯೆಂದು ಒರೆಸಿಕೊಂಡೆ.

ನಿಮ್ಮಪ್ಪ ನನ್ನ ಮುಖ ನೋಡದೆ ಏಪ್ರನ್ ಕಟ್ಟಿಕೊಂಡು ಮಣೆಯ ಮೇಲೆ ಕೂತರು. ಎರಡು ಬೆರಳಲ್ಲಿ ತೊಟ್ಟು ಹಿಡಿದು ಒಂದೇ ಎಳೆತಕ್ಕೆ ಸಿಪ್ಪೆ ತೆಗೆದರು, ಅದು ಬಟ್ಟೆ ಕಳಚಿದ ಹಾಗೆ ಪೂರ್ತಿ ಬಂತು. ಸ್ವಲ್ಪ ಹೊತ್ತಿಗೆ ಯಾರೋ ಏನೋ ಕೇಳಿದರು, ಇವರು ಶುರುಮಾಡಿದರು ನೋಡು. ಪಾದ್ರಿಯ ಆಡು ಚರ್ಚಿನ ಮೇಣದಬತ್ತಿ ತಿಂದ ಕಥೆಯನ್ನು ಪಾದ್ರಿಯ ದನಿ ಒಂದು, ಆಡಿನ ದನಿ ಒಂದು ಮಾಡಿ ಹೇಳಿದರು. ರತ್ಕಾ ನಕ್ಕು ನಕ್ಕು ಮಣೆಯಿಂದ ಜಾರಿ ಬಿದ್ದಳು. ನಾನು ಒಲೆಯ ಹತ್ತಿರ ಇಕ್ಕಳ ಹಿಡಿದುಕೊಂಡು ನಿಂತು ಕೇಳಿದೆ. ಮದುವೆಯಾಗಿ ಮೂವತ್ತು ವರ್ಷ ದಾಟಿದೆ, ಈ ಮನುಷ್ಯನ ಬಾಯಲ್ಲಿ ಇಷ್ಟು ಮಾತಿದೆ ಎಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಹೇಳದ್ದನ್ನು ಈ ಹೆಂಗಸರಿಗೆಲ್ಲ ಹೇಳುತ್ತಾರಲ್ಲ ಅನ್ನಿಸಿತು. ಆಮೇಲೆ ಹೊಟ್ಟೆಕಿಚ್ಚು ಹೋಗಿ, ಈ ಗಂಡಸು ಯಾರಪ್ಪಾ, ಇವನ ಪರಿಚಯ ಮಾಡಿಕೊಳ್ಳಬೇಕಲ್ಲ ಎಂದು ಹುಡುಗಿಯ ಹಾಗೆ ಕುತೂಹಲವಾಯಿತು. ಈ ವಯಸ್ಸಿನಲ್ಲಿ ಇದನ್ನು ಮಗಳಿಗೆ ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.

ಮಾರನೆಯ ದಿನ ರುಬ್ಬಿ, ಎಣ್ಣೆ ಹಾಕಿ, ಮಧ್ಯಾಹ್ನದಿಂದ ಸಂಜೆಯವರೆಗೆ ನಾವಿಬ್ಬರೇ ಹಂಡೆ ಕದಡಿದೆವು. ಒಬ್ಬರ ತೋಳು ಸೋತರೆ ಇನ್ನೊಬ್ಬರು. ಸೌಟು ಎಳೆದಾಗ ತಳ ಕಾಣಿಸಿ, ದಾರಿ ಹಾಗೇ ಉಳಿಯುವವರೆಗೆ ಬಿಡುವ ಹಾಗಿಲ್ಲ. ಈ ಸಲದ್ದು ಸ್ವಲ್ಪ ಹೊಗೆ ಹೊಗೆ ಬಂದಿದೆ, ನಿಮ್ಮಪ್ಪನ ಮೊದಲ ಮೂಟೆಯ ಪ್ರಸಾದ. ಬಾಟಲಿ ತುಂಬಿ ಹಳೆಯ ಕಂಬಳಿ ಹೊದಿಸಿ ಮಲಗಿಸಿದ್ದೆವು, ಇವತ್ತು ಬೆಳಿಗ್ಗೆ ತೆಗೆದೆವು. ವ್ಯಾನಿನ ತೋಮೆ ಇಂದು ಇಟಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ನಿನ್ನ ಪಾಲು ಕಳಿಸುತ್ತಿದ್ದೇನೆ. ಬಾಟಲಿಗಳ ನಡುವೆ ತುಂಬಿರುವ ಅಕ್ರೋಟು ಬರೀ ತುಂಬಲಿಕ್ಕೆ ಅಂದುಕೊಳ್ಳಬೇಡ, ತಿನ್ನು. ಮುಚ್ಚಳ ತೆಗೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಡು. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಒಂದು ಬಾಟಲಿ ಕೊಡು, ಕಾಲು ಉಳುಕಿದಾಗ ನಿನ್ನ ಪಾಳಿ ಅವಳೇ ನೋಡಿಕೊಂಡಳಲ್ಲ.

ವೇಲಿಕಾ ಅಜ್ಜಿ ನಿನ್ನನ್ನು ಕೇಳಿದರು, ನಿನಗೊಬ್ಬ ಗಂಡು ನೋಡಿದ್ದಾರಂತೆ, ಆ ವಿಷಯ ನಾನು ಅಲ್ಲೇ ಮುಚ್ಚಿಹಾಕಿದ್ದೇನೆ. ರತ್ಕಾಳ ಮುದ್ದುಗಳು. ದೇವರು ನಿನ್ನ ಬೆನ್ನನ್ನು ಗಟ್ಟಿಯಾಗಿ, ತಲೆಯನ್ನು ತಣ್ಣಗೆ ಇಟ್ಟಿರಲಿ. ನಿಮ್ಮಪ್ಪ ಅಂಗಳದಲ್ಲಿ ನಿನ್ನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಾರೆ, ಗಡ್ಡ ಬೋಳಿಸಿದ್ದಾರೆ.

ನಿನ್ನ ಅಮ್ಮ,
ದೊಬ್ರಿಂಕಾ

ಮರೆಯುವ ಮುಂಚೆ: ತೋಮೆ ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಊರ ಸುದ್ದಿಯನ್ನೆಲ್ಲ ಬರೆದು ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆದಿಲ್ಲ. ನಿನ್ನೆ ಹಂಡೆ ಕದಡುವಾಗ ನಿಮ್ಮಪ್ಪ ತಲೆಯೆತ್ತದೆ ಅಂದರು, "ಮನೇಲಿ ನೀನಿರೋದು ನಂಗೆ ರೂಢಿ ತಪ್ಪೋಗಿದೆ ದೊಬ್ರಿಂಕಾ, ಸುಳ್ಳು ಹೇಳಲ್ಲ. ಆದ್ರೆ ಸುಲಿಯೋದೂ ಬರ್ತಿರ್ಲಿಲ್ಲ ನಂಗೆ, ಕಲಿತ್ಕೊಂಡೆ." ನಾನು ಕದಡುತ್ತಲೇ ಇದ್ದೆ. ಆ ಮನೆಯವರಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಹೇಳಿಬಿಡು. ನಿನ್ನ ಮಂಚದ ಕೆಳಗೆ ನನ್ನ ಎರಡನೆಯ ಸೂಟ್‌ಕೇಸ್ ಇದೆ, ತೋಮೆ ವಾಪಸು ಬರುವಾಗ ಅವನ ಕೈಯಲ್ಲಿ ಕಳಿಸು. ಅದರಲ್ಲಿರುವುದು ಬೇಸಿಗೆಯ ಬಟ್ಟೆಯಲ್ಲವಾ, ಈಗ ಯಾಕೆ ಎಂದು ತೆಗೆದಿಡಬೇಡ. ಎಲ್ಲವನ್ನೂ ಕಳಿಸು.